ಎರಡು ಪಹಣಿ ಪಟ್ಟಿಗಳ ತಾಳೆ

ಇಬ್ಬರು ಎದುರುಬದುರಾಗಿ ಕುಳಿತು ಲೆಕ್ಕದ ಪುಸ್ತಕಗಳನ್ನು ತಾಳೆ ನೋಡುವ ದೃಶ್ಯವನ್ನು ವಾಚಕರಲ್ಲಿ ಅನೇಕರು ಕಂಡಿರಬಹುದು. ಕಾಣದವರು ಮನೆಯ ಹಿರಿಯರಿಂದ ಕೇಳಿಯಾದರೂ ಇರಬಹುದು. ಒಬ್ಬನು ಮೂಲ ಪುಸ್ತಕವನ್ನು ಗಟ್ಟಿಯಾಗಿ ಓದುತ್ತಾನೆ. ಇನ್ನೊಬ್ಬನು ನಕಲಿನ ಮೇಲೆ ಬೆರಳಿಟ್ಟು, ಸರಿಯೆನಿಸಿದ ಪಂಕ್ತಿಯ ಪಕ್ಕದಲ್ಲಿ ಗೀಟೆಳೆಯುತ್ತಾ ಹೋಗುತ್ತಾನೆ. ನೂರು ಪಂಕ್ತಿಗಳವರೆಗೆ ಈ ಕೆಲಸ ಸುಗಮವಾಗಿಯೇ ಸಾಗುತ್ತದೆ. ಸಾವಿರವಾದಾಗ ಕಣ್ಣು ಸೋಲುತ್ತದೆ, ಕಿವಿ ಮಂದವಾಗುತ್ತದೆ. ಓದಿದವನು 'ಇಪ್ಪತ್ತು' ಎಂದರೂ ಬೆರಳು 'ಎರಡ'ನ್ನೇ ದಾಟಿ ಮುಂದೆ ಸರಿಯುತ್ತದೆ. ಲಕ್ಷಗಳಾದಾಗ ಮನುಷ್ಯನ ತಾಳ್ಮೆಗೆ ಈ ಕೆಲಸ ನಿಲುಕುವುದೇ ಇಲ್ಲ.

ಒಂದೇ ರಚನೆಯುಳ್ಳ ಎರಡು ಪಟ್ಟಿಗಳಲ್ಲಿ ಎಲ್ಲೆಲ್ಲಿ ವ್ಯತ್ಯಾಸವಿದೆಯೆಂಬುದನ್ನು ಗಣಕಯಂತ್ರದಿಂದ ಹೇಗೆ ತಿಳಿಯಬೇಕು? ಈ ಪಾಠದಲ್ಲಿ ನಾವು ಇದನ್ನೇ ಪರಿಶೀಲಿಸೋಣ. ಪ್ರಶ್ನೆ ಸುಲಭವೆಂದು ತೋರಬಹುದು. ಆದರೆ 'ಒಂದೇ' ಎಂದರೇನು, 'ಬೇರೆ' ಎಂದರೇನು ಎಂಬುದನ್ನು ನಿಷ್ಕರ್ಷೆ ಮಾಡಿಕೊಳ್ಳದ ಹೊರತು ಯಂತ್ರವಾದರೂ ಸರಿಯಾದ ಉತ್ತರ ಕೊಡಲಾರದೆಂಬುದು ಮುಂದೆ ಗೊತ್ತಾಗುತ್ತದೆ.

ಪಹಣಿಯ ಮಹತ್ವ

ಉದಾಹರಣೆಗಾಗಿ ನಾವು ದೂರ ಹೋಗಬೇಕಾದುದಿಲ್ಲ. ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ಈ ನಾಲ್ಕು ತಾಲ್ಲೂಕುಗಳ ಯಾವ ರೈತನ ಮನೆಯಲ್ಲಿ ವಿಚಾರಿಸಿದರೂ ಪೆಟ್ಟಿಗೆಯ ತಳದಿಂದ ಒಂದು ಪಹಣಿಯ ಪ್ರತಿ ಹೊರಬರುತ್ತದೆ. ಜಮೀನಿನ ಸರ್ವೆ ನಂಬರು, ಹಿಸ್ಸಾ, ವಿಸ್ತೀರ್ಣ, ಕಂದಾಯ, ಒಡೆಯನ ಹೆಸರು, ಜಮೀನಿನ ಮೇಲಿರುವ ಋಣ, ಬೆಳೆದ ಬೆಳೆ ಇವೆಲ್ಲವೂ ಅದರಲ್ಲಿ ಕಲಂ ಕಲಮಾಗಿ ನಮೂದಾಗಿರುತ್ತವೆ. ಬೆಳೆ ಸಾಲ ಪಡೆಯುವುದಕ್ಕೂ, ಜಮೀನನ್ನು ಮಾರುವುದಕ್ಕೂ, ಅಣ್ಣತಮ್ಮಂದಿರಲ್ಲಿ ಪಾಲಾಗುವುದಕ್ಕೂ, ಸರ್ಕಾರವು ಜಮೀನನ್ನು ವಶಪಡಿಸಿಕೊಂಡಾಗ ಪರಿಹಾರ ಪಡೆಯುವುದಕ್ಕೂ ಈ ಕಾಗದ ಬೇಕು. 2008ರಲ್ಲಿ ದೇವನಹಳ್ಳಿಯ ಬಳಿ ವಿಮಾನ ನಿಲ್ದಾಣವು ತೆರೆದ ಮೇಲಂತೂ, ಒಂದು ಕಾಲಕ್ಕೆ ರಾಗಿಯನ್ನೋ ಚಕ್ಕೋತವನ್ನೋ ಬೆಳೆಯುತ್ತಿದ್ದ ನೆಲದಲ್ಲಿ ಒಂದೊಂದು ಗುಂಟೆಗೂ ಲೆಕ್ಕ ಬಂದಿದೆ. ನಲವತ್ತು ಗುಂಟೆಗೆ ಒಂದು ಎಕರೆ. ಒಂದು ಗುಂಟೆಗೆ 1,089 ಚದರಡಿ.

ಈ ದಾಖಲೆಗಳು ಬಹುಕಾಲ ಕೈಬರಹದ ಪುಸ್ತಕಗಳಲ್ಲಿದ್ದವು. ಕರ್ನಾಟಕ ಸರ್ಕಾರದ 'ಭೂಮಿ' ಯೋಜನೆಯ ಮೂಲಕ, ಮುಖ್ಯವಾಗಿ 2000ದಿಂದ 2002ರವರೆಗಿನ ಅವಧಿಯಲ್ಲಿ, ರಾಜ್ಯದ ಸುಮಾರು ಎರಡು ಕೋಟಿ ಪಹಣಿಗಳನ್ನು ಗಣಕಯಂತ್ರಕ್ಕೆ ಏರಿಸಲಾಯಿತು. ಬಳಿಕ ಕೈಬರಹದ ಪಹಣಿಗೆ ಮಾನ್ಯತೆ ಉಳಿಯಲಿಲ್ಲ. ಗಣಕಕ್ಕೆ ಏರಿಸಿದ ವಿವರಗಳನ್ನು ಮುದ್ರಿಸಿ, ಗ್ರಾಮಲೆಕ್ಕಿಗರ ಕೈಯಲ್ಲಿ ಹಳೆಯ ಪುಸ್ತಕದೊಡನೆ ತಾಳೆ ನೋಡಿಸುವುದು ಆ ಕಾರ್ಯದ ಅತ್ಯಂತ ಪ್ರಯಾಸಕರವಾದ ಭಾಗವಾಗಿತ್ತು. ಎರಡು ಕೋಟಿ ಪತ್ರಗಳನ್ನು ನಕಲು ಮಾಡುವಾಗ ಕೈತಪ್ಪು ಆಗದಿರುವುದು ಅಸಾಧ್ಯ. ಬೆರಳಚ್ಚಿನಲ್ಲಿ ಒಂದು ಸೊನ್ನೆ ಬಿಟ್ಟುಹೋದರೆ ನೆಲದ ಮೇಲಿನ ಬದು ಎಳ್ಳಷ್ಟೂ ಕದಲುವುದಿಲ್ಲ, ನಿಜ; ಆದರೆ ಕಾಗದದ ಮೇಲೆ ರೈತನ ಹೊಲ ಕಿರಿದಾಗುತ್ತದೆ, ಅವನು ತಿದ್ದುಪಡಿಗಾಗಿ ತಾಲ್ಲೂಕು ಕಚೇರಿಗೆ ಅಲೆಯಬೇಕಾಗುತ್ತದೆ.

ಕೋಷ್ಟಕವೂ ಗಣವೂ

ಗಣಕದಲ್ಲಿ ಇಂಥ ದಾಖಲೆಗಳನ್ನು ಕೋಷ್ಟಕಗಳ ರೂಪದಲ್ಲಿ ಇಡುತ್ತಾರೆ. ಒಂದೊಂದು ಪಂಕ್ತಿಯೂ ಒಂದೊಂದು ಜಮೀನಿನ ವಿವರ. ಒಂದೊಂದು ಕಲಮೂ ಆ ವಿವರದ ಒಂದೊಂದು ಅಂಶ. ಈ ವ್ಯವಸ್ಥೆಗೆ ಗಣಿತದ ತಳಹದಿಯನ್ನು ಹಾಕಿಕೊಟ್ಟವರು ಐಬಿಎಂ ಸಂಸ್ಥೆಯ ಸಂಶೋಧನಾಲಯದಲ್ಲಿದ್ದ ಎಡ್ಗರ್ ಕಾಡ್ ಎಂಬ ವಿಜ್ಞಾನಿ. ದತ್ತಾಂಶದ ಕೋಷ್ಟಕವನ್ನು ಗಣವೆಂದು ಭಾವಿಸಿದರೆ, ಗಣಗಳ ಮೇಲೆ ಗಣಿತಜ್ಞರು ಮಾಡುವ ಸಂಯೋಗ, ಛೇದನ, ವ್ಯತ್ಯಾಸ ಮುಂತಾದ ಕ್ರಿಯೆಗಳನ್ನು ಕೋಷ್ಟಕಗಳ ಮೇಲೂ ಮಾಡಬಹುದೆಂದು ಅವರು 1970ರಲ್ಲಿ ಪ್ರಕಟಿಸಿದ ಲೇಖನದಲ್ಲಿ ತೋರಿಸಿದರು. ಅದೇ ಸಂಸ್ಥೆಯ ಡೊನಾಲ್ಡ್ ಚೇಂಬರ್ಲಿನ್ ಮತ್ತು ರೇಮಂಡ್ ಬಾಯ್ಸ್ ಎಂಬುವರು 1974ರಲ್ಲಿ ಈ ತತ್ತ್ವವನ್ನು ಅನುಸರಿಸಿ ಒಂದು ಪ್ರಶ್ನಭಾಷೆಯನ್ನು ರಚಿಸಿದರು. ಇಂದು ಎಸ್‌ಕ್ಯೂಎಲ್ ಎಂದು ಪ್ರಸಿದ್ಧವಾಗಿರುವುದು ಇದೇ. 1986ರಲ್ಲಿ ಅಮೆರಿಕದಲ್ಲಿಯೂ ಮರುವರ್ಷ ಅಂತರರಾಷ್ಟ್ರೀಯವಾಗಿಯೂ ಇದರ ಸ್ವರೂಪವನ್ನು ಪ್ರಮಾಣೀಕರಿಸಲಾಯಿತು.

ಗಣದ ಒಂದು ಗುಣವನ್ನು ಇಲ್ಲಿ ನೆನಪಿಡಬೇಕು. ಗಣದಲ್ಲಿ ಅಂಶಗಳಿಗೆ ಕ್ರಮವಿಲ್ಲ. ಒಂದು ಪಟ್ಟಿಯು ಸರ್ವೆ ನಂಬರಿನ ಅನುಕ್ರಮದಲ್ಲಿಯೂ ಇನ್ನೊಂದು ಹೆಸರಿನ ಅಕಾರಾದಿಯಲ್ಲಿಯೂ ಇದ್ದರೆ, ಗಟ್ಟಿಯಾಗಿ ಓದಿ ತಾಳೆ ನೋಡುವ ಇಬ್ಬರಿಗೆ ಅವು ಬೇರೆ ಬೇರೆ ಪುಸ್ತಕಗಳೇ ಸರಿ. ಗಣಕಕ್ಕೆ ಮಾತ್ರ ಅವೆರಡೂ ಒಂದೇ ಕೋಷ್ಟಕ.

ಒಂದು ಕಲ್ಪಿತ ಗ್ರಾಮ

ದೊಡ್ಡಬಳ್ಳಾಪುರ ತಾಲ್ಲೂಕಿನ ಒಂದು ಗ್ರಾಮದ ಹಳೆಯ ಪಹಣಿ ಪುಸ್ತಕವನ್ನು ಇಬ್ಬರು ಬೆರಳಚ್ಚುಗಾರರು, ಒಬ್ಬರನ್ನೊಬ್ಬರು ನೋಡದೆ, ಬೇರೆ ಬೇರೆಯಾಗಿ ಗಣಕಕ್ಕೆ ಏರಿಸಿದರೆಂದು ಭಾವಿಸೋಣ. ಒಂದೇ ಮೂಲವನ್ನು ಇಬ್ಬರಿಂದ ಬರೆಸಿ ಹೋಲಿಸುವ ಈ ಪದ್ಧತಿ ರಂಧ್ರಪತ್ರಗಳ ಕಾಲದಿಂದಲೂ ಬಳಕೆಯಲ್ಲಿದೆ. ಇಬ್ಬರೂ ಒಂದೇ ಸ್ಥಳದಲ್ಲಿ ಒಂದೇ ಬಗೆಯ ತಪ್ಪನ್ನು ಮಾಡುವ ಸಂಭವ ಬಹಳ ಕಡಿಮೆಯೆಂಬುದೇ ಇದರ ಯುಕ್ತಿ. ಪಾಠಕ್ಕೆ ಐದು ಪಂಕ್ತಿಗಳು ಸಾಕು. ಗ್ರಾಮವೂ ಹೆಸರುಗಳೂ ಕೇವಲ ಕಲ್ಪಿತವಾದವು.

ಪಟ್ಟಿ ಒಂದು

| ಸರ್ವೆ | ಹೆಸರು | ಎಕರೆ | ಗುಂಟೆ | ಋಣ |
|---|---|---|---|---|
| 12/1 | ಮುನಿಯಪ್ಪ | 1 | 20 | — |
| 12/2 | ನಂಜಮ್ಮ | 0 | 35 | ಬ್ಯಾಂಕ್ |
| 13/1 | ಗೋವಿಂದಪ್ಪ | 2 | 10 | — |
| 14/1 | ಹನುಮಕ್ಕ | 1 | 5 | — |
| 15/1 | ಚಿಕ್ಕಣ್ಣ | 3 | 0 | ಬ್ಯಾಂಕ್ |

ಪಟ್ಟಿ ಎರಡು

| ಸರ್ವೆ | ಹೆಸರು | ಎಕರೆ | ಗುಂಟೆ | ಋಣ |
|---|---|---|---|---|
| 12/1 | ಮುನಿಯಪ್ಪ | 1 | 2 | — |
| 12/2 | ನಂಜಮ್ಮ | 0 | 35 | — |
| 13/1 | ಗೋವಿಂದಪ್ಪ | 2 | 10 | — |
| 14/1 | ಹನುಮಕ್ಕ | 1 | 5 | — |
| 16/1 | ಸಿದ್ದಮ್ಮ | 0 | 28 | — |

ಅಡ್ಡಗೆರೆಯಿರುವಲ್ಲಿ ಏನನ್ನೂ ಬರೆದಿಲ್ಲವೆಂದು ತಿಳಿಯಬೇಕು. ಅದು ಸೊನ್ನೆಯಲ್ಲ, ಖಾಲಿ ಜಾಗ. ಗಣಕದ ಭಾಷೆಯಲ್ಲಿ ಇದಕ್ಕೆ 'ನಲ್' ಎಂದು ಹೆಸರು. ಈ ಪುಟ್ಟ ಗೆರೆ ಮುಂದೆ ನಮಗೆ ಸಾಕಷ್ಟು ತೊಂದರೆ ಕೊಡಲಿದೆ.

ಎಣಿಕೆಯಿಂದ ಆಗುವ ಮೋಸ

ಎರಡು ಪಟ್ಟಿಗಳು ಸರಿಯಿವೆಯೇ ಎಂದು ಕೇಳಿದಾಗ ಮೊದಲು ಹೊಳೆಯುವ ಉಪಾಯ ಪಂಕ್ತಿಗಳನ್ನು ಎಣಿಸುವುದು. ನಮ್ಮ ಎರಡು ಪಟ್ಟಿಗಳಲ್ಲೂ ಐದೈದು ಪಂಕ್ತಿಗಳಿವೆ. ಇಷ್ಟರಿಂದಲೇ ತೃಪ್ತರಾದರೆ ನಾವು ಮೋಸಹೋದಂತೆಯೇ; ಚಿಕ್ಕಣ್ಣನ ಪಂಕ್ತಿ ಬಿಟ್ಟುಹೋಗಿ ಸಿದ್ದಮ್ಮನ ಪಂಕ್ತಿ ಸೇರಿಕೊಂಡದ್ದರಿಂದ ಎಣಿಕೆ ಸರಿಹೋಯಿತು.

ಎರಡನೆಯ ಉಪಾಯ ಮೊತ್ತ ಹಾಕುವುದು. ಪಟ್ಟಿ ಒಂದರ ಒಟ್ಟು ವಿಸ್ತೀರ್ಣ 8 ಎಕರೆ 30 ಗುಂಟೆ. ಪಟ್ಟಿ ಎರಡರದು ಸರಿಯಾಗಿ 6 ಎಕರೆ. ತಪ್ಪಿದೆಯೆಂದು ಮೊತ್ತ ಹೇಳಿತು, ಎಲ್ಲಿದೆಯೆಂದು ಹೇಳಲಿಲ್ಲ. ಅದೂ ಯಾವಾಗಲೂ ಹೇಳುವುದೆಂಬ ಭರವಸೆಯಿಲ್ಲ. ಒಬ್ಬನ ಹೊಲದಿಂದ 18 ಗುಂಟೆ ಕಳೆದು, ಇನ್ನೊಬ್ಬನ ಹೊಲಕ್ಕೆ 18 ಗುಂಟೆ ಸೇರಿದರೆ ಮೊತ್ತ ಕದಲದೆ ನಿಲ್ಲುತ್ತದೆ. ಎಣಿಕೆ ಮತ್ತು ಮೊತ್ತ ಬೇರೆ ಬಂದರೆ ಪಟ್ಟಿಗಳು ನಿಶ್ಚಯವಾಗಿ ಬೇರೆ; ಒಂದೇ ಬಂದರೆ ಮಾತ್ರ ಪಟ್ಟಿಗಳು ಒಂದೇ ಎನ್ನಲಾಗದು.

ವ್ಯತ್ಯಾಸ ಕ್ರಿಯೆ

ಇನ್ನು ಗಣಗಳ ವ್ಯತ್ಯಾಸಕ್ಕೆ ಬರೋಣ. ಮೊದಲನೆಯ ಗಣದಲ್ಲಿದ್ದು ಎರಡನೆಯದರಲ್ಲಿ ಇಲ್ಲದ ಅಂಶಗಳನ್ನು ಆರಿಸುವುದೇ ವ್ಯತ್ಯಾಸ. ಎಸ್‌ಕ್ಯೂಎಲ್ ಭಾಷೆಯಲ್ಲಿ ಇದಕ್ಕೆ 'ಎಕ್ಸೆಪ್ಟ್' ಎಂಬ ಪದವಿದೆ. 'ಹೊರತು' ಎಂದು ಅರ್ಥ. 'ಸೆಲೆಕ್ಟ್' ಎಂದರೆ ಆರಿಸು, 'ಫ್ರಮ್' ಎಂದರೆ ಇಂಥದರಿಂದ. ಯಂತ್ರದಲ್ಲಿ ಈ ಪದಗಳನ್ನು ಇಂಗ್ಲಿಷ್ ಲಿಪಿಯಲ್ಲಿ ಬರೆಯಬೇಕು. ಓದುವ ಅನುಕೂಲಕ್ಕಾಗಿ ಇಲ್ಲಿ ಕನ್ನಡ ಲಿಪಿಯಲ್ಲಿ ಕೊಟ್ಟಿದ್ದೇವೆ. ನಕ್ಷತ್ರ ಚಿಹ್ನೆಗೆ 'ಎಲ್ಲ ಕಲಂಗಳೂ' ಎಂದು ಅರ್ಥ.

ಸೆಲೆಕ್ಟ್ * ಫ್ರಮ್ ಪಟ್ಟಿ_ಒಂದು
ಎಕ್ಸೆಪ್ಟ್
ಸೆಲೆಕ್ಟ್ * ಫ್ರಮ್ ಪಟ್ಟಿ_ಎರಡು;

ಇದಕ್ಕೆ ಬರುವ ಉತ್ತರ ಮೂರು ಪಂಕ್ತಿಗಳು: 12/1, 12/2 ಮತ್ತು 15/1. ಇವು ಪಟ್ಟಿ ಒಂದರಲ್ಲಿರುವ ರೂಪದಲ್ಲಿಯೇ ಪಟ್ಟಿ ಎರಡರಲ್ಲಿ ಇಲ್ಲ. ಆದರೆ ಸಿದ್ದಮ್ಮನ 16/1 ಎಲ್ಲಿ ಹೋಯಿತು? ಅದು ಪಟ್ಟಿ ಒಂದರಲ್ಲಿ ಇಲ್ಲವೇ ಇಲ್ಲವಾದ್ದರಿಂದ ಈ ಪ್ರಶ್ನೆಗೆ ಉತ್ತರವಾಗಿ ಬರಲಾರದು. ಐದರಿಂದ ಮೂರನ್ನು ಕಳೆಯುವುದೂ ಮೂರರಿಂದ ಐದನ್ನು ಕಳೆಯುವುದೂ ಹೇಗೆ ಒಂದಲ್ಲವೋ, ಹಾಗೆಯೇ ಗಣಗಳ ವ್ಯತ್ಯಾಸವೂ ದಿಕ್ಕನ್ನು ಅವಲಂಬಿಸಿದೆ. ಆದಕಾರಣ ಪಟ್ಟಿಗಳನ್ನು ಅದಲುಬದಲು ಮಾಡಿ ಎರಡನೆಯ ಸಲವೂ ಕೇಳಬೇಕು. ಆಗ 12/1, 12/2 ಮತ್ತು 16/1 ಬರುತ್ತವೆ. ಎರಡೂ ಕಡೆಯ ಉತ್ತರ ಬರಿದಾದಾಗಲೇ ಗಣಗಳು ಸಮಾನವೆನ್ನಬೇಕು. ಹೊಸದಾಗಿ ಕಲಿಯುವವರು ಒಂದು ದಿಕ್ಕಿನಲ್ಲಿ ಮಾತ್ರ ನೋಡಿ, 'ಏನೂ ವ್ಯತ್ಯಾಸವಿಲ್ಲ' ಎಂದು ಎದ್ದುಬಿಡುವುದು ಸಾಮಾನ್ಯ.

ಎರಡು ಉತ್ತರಗಳನ್ನೂ ಒಟ್ಟಿಗೆ ಪಡೆಯಬೇಕಾದರೆ ಹೀಗೆ ಬರೆಯಬಹುದು:

ಸೆಲೆಕ್ಟ್ 'ಒಂದರಲ್ಲಿ ಮಾತ್ರ', ಕ.* ಫ್ರಮ್
(ಸೆಲೆಕ್ಟ್ * ಫ್ರಮ್ ಪಟ್ಟಿ_ಒಂದು ಎಕ್ಸೆಪ್ಟ್ ಸೆಲೆಕ್ಟ್ * ಫ್ರಮ್ ಪಟ್ಟಿ_ಎರಡು) ಕ
ಯೂನಿಯನ್ ಆಲ್
ಸೆಲೆಕ್ಟ್ 'ಎರಡರಲ್ಲಿ ಮಾತ್ರ', ಖ.* ಫ್ರಮ್
(ಸೆಲೆಕ್ಟ್ * ಫ್ರಮ್ ಪಟ್ಟಿ_ಎರಡು ಎಕ್ಸೆಪ್ಟ್ ಸೆಲೆಕ್ಟ್ * ಫ್ರಮ್ ಪಟ್ಟಿ_ಒಂದು) ಖ;

'ಯೂನಿಯನ್ ಆಲ್' ಎಂದರೆ ಎರಡು ಉತ್ತರಗಳನ್ನೂ ಹಾಗೆಯೇ ಕೂಡಿಸು ಎಂದರ್ಥ. 'ಒಂದರಲ್ಲಿ ಮಾತ್ರ' ಎಂಬ ಗುರುತಿನ ಚೀಟಿಯನ್ನು ಆವರಣದ ಹೊರಗೆ ಅಂಟಿಸಿರುವುದನ್ನು ಗಮನಿಸಬೇಕು. ಒಳಗೇ ಅಂಟಿಸಿದರೆ ಒಂದೊಂದು ಪಂಕ್ತಿಯೂ ತನ್ನ ಚೀಟಿಯ ದೆಸೆಯಿಂದಲೇ ಬೇರೆಯಾಗಿ, ಎಲ್ಲ ಪಂಕ್ತಿಗಳೂ ವ್ಯತ್ಯಾಸಗಳೆಂದು ಹೊರಬೀಳುತ್ತವೆ.

ಇಲ್ಲಿ ಒಂದು ಎಚ್ಚರಿಕೆ. ಎಕ್ಸೆಪ್ಟ್ ಕಲಂಗಳನ್ನು ಹೋಲಿಸುವುದು ಅವುಗಳ ಸ್ಥಾನದಿಂದ, ಹೆಸರಿನಿಂದಲ್ಲ. ಎರಡನೆಯ ಪಟ್ಟಿಯಲ್ಲಿ ಗುಂಟೆಯ ಕಲಂ ಮೊದಲು, ಎಕರೆಯದು ಆಮೇಲೆ ಇದ್ದುದಾದರೆ, ಯಂತ್ರವು ಚಕಾರವೆತ್ತದೆ ಎಕರೆಯನ್ನು ಗುಂಟೆಯೊಡನೆ ಹೋಲಿಸುತ್ತದೆ. ಆದುದರಿಂದ ನಕ್ಷತ್ರವನ್ನು ಬಿಟ್ಟು ಕಲಂಗಳ ಹೆಸರುಗಳನ್ನು ಎರಡೂ ಕಡೆ ಒಂದೇ ಕ್ರಮದಲ್ಲಿ ಬರೆಯುವುದು ಕ್ಷೇಮಕರ. ಕೆಲವು ವ್ಯವಸ್ಥೆಗಳಲ್ಲಿ ಪದವೂ ಬೇರೆಯಾಗಬಹುದು: ಒರಾಕಲ್‌ನಲ್ಲಿ ಬಹುಕಾಲದಿಂದ 'ಮೈನಸ್' ಎಂಬುದು ರೂಢಿ, ಮೈಎಸ್‌ಕ್ಯೂಎಲ್‌ಗೆ ಎಕ್ಸೆಪ್ಟ್ ಬಂದದ್ದು 2022ರಲ್ಲಿ.

ಕೀಲಿಯಿಂದ ಜೋಡಿಸುವುದು

ಮೇಲಿನ ಉತ್ತರದಲ್ಲಿ ಒಂದು ಕೊರತೆಯಿದೆ. ಮುನಿಯಪ್ಪನ ಜಮೀನು ಒಂದು ಸಲ 20 ಗುಂಟೆಯಾಗಿಯೂ ಇನ್ನೊಂದು ಸಲ 2 ಗುಂಟೆಯಾಗಿಯೂ, ಎರಡು ಪ್ರತ್ಯೇಕ ಪಂಕ್ತಿಗಳಲ್ಲಿ ಬಂದಿತು. ಇವೆರಡೂ ಒಂದೇ ಜಮೀನಿನ ಎರಡು ರೂಪಗಳೆಂಬುದನ್ನು ನಾವು ಬಲ್ಲೆವು, ಯಂತ್ರವು ಅರಿಯದು. ಪಂಕ್ತಿಯಲ್ಲಿ ಒಂದು ಅಕ್ಷರ ಬದಲಾದರೂ ಎಕ್ಸೆಪ್ಟ್‌ಗೆ ಅದು ಸಂಪೂರ್ಣವಾಗಿ ಬೇರೆ ಪಂಕ್ತಿ. ಯಾವ ಕಲಂ ಜಮೀನಿನ ಗುರುತು, ಯಾವುವು ಅದರ ವಿವರಗಳು ಎಂಬುದನ್ನು ನಾವೇ ಹೇಳಿಕೊಡಬೇಕು. ಆ ಗುರುತಿನ ಕಲಂಗೆ ಕೀಲಿ ಎನ್ನುತ್ತಾರೆ. ನಮ್ಮ ಪಟ್ಟಿಯಲ್ಲಿ ಹಿಸ್ಸಾ ಸಹಿತವಾದ ಸರ್ವೆ ನಂಬರೇ ಕೀಲಿ. ಆದರೆ ನಿಜವಾದ ಪಹಣಿಯಲ್ಲಿ ಜಂಟಿ ಒಡೆತನವಿದ್ದು, ಒಂದೇ ಹಿಸ್ಸಾಕ್ಕೆ ಹಲವರ ಹೆಸರಿರಬಹುದು. ಆಗ ಸರ್ವೆ ನಂಬರೊಂದೇ ಕೀಲಿಯಾಗಲು ಸಾಲದು.

ಕೀಲಿಯ ಆಧಾರದಿಂದ ಎರಡು ಪಟ್ಟಿಗಳನ್ನು ಅಕ್ಕಪಕ್ಕ ನಿಲ್ಲಿಸುವ ಕ್ರಿಯೆಗೆ 'ಜಾಯಿನ್' ಎಂದು ಹೆಸರು. ಜೋಡಿ ಸಿಕ್ಕದ ಪಂಕ್ತಿಗಳನ್ನೂ ಎರಡು ಕಡೆಗಳಿಂದ ಉಳಿಸಿಕೊಳ್ಳಬೇಕಾದರೆ 'ಫುಲ್ ಔಟರ್ ಜಾಯಿನ್' ಎನ್ನಬೇಕು.

ಸೆಲೆಕ್ಟ್ ಕ.ಸರ್ವೆ, ಖ.ಸರ್ವೆ, ಕ.ಗುಂಟೆ, ಖ.ಗುಂಟೆ, ಕ.ಋಣ, ಖ.ಋಣ
ಫ್ರಮ್ ಪಟ್ಟಿ_ಒಂದು ಕ ಫುಲ್ ಔಟರ್ ಜಾಯಿನ್ ಪಟ್ಟಿ_ಎರಡು ಖ
ಆನ್ ಕ.ಸರ್ವೆ = ಖ.ಸರ್ವೆ
ವೇರ್ ಕ.ಗುಂಟೆ <> ಖ.ಗುಂಟೆ ಆರ್ ಕ.ಋಣ <> ಖ.ಋಣ;

'ಆನ್' ಎಂಬುದು ಜೋಡಿಸುವ ನಿಯಮವನ್ನೂ 'ವೇರ್' ಎಂಬುದು ಆರಿಸುವ ನಿಯಮವನ್ನೂ ಸೂಚಿಸುತ್ತದೆ. 'ಆರ್' ಎಂದರೆ ಅಥವಾ. <> ಎಂಬ ಚಿಹ್ನೆಗೆ 'ಸಮವಲ್ಲ' ಎಂದು ಅರ್ಥ. ಹೆಸರು ಮತ್ತು ಎಕರೆಗಳ ಹೋಲಿಕೆಯನ್ನೂ ಹೀಗೆಯೇ ಸೇರಿಸಬೇಕು; ಸ್ಥಳಾಭಾವದಿಂದ ಇಲ್ಲಿ ಬಿಟ್ಟಿದ್ದೇವೆ. ಈ ಪ್ರಶ್ನೆಗೆ ಮುನಿಯಪ್ಪನ ಪಂಕ್ತಿ ಬರುತ್ತದೆ. 20 ಮತ್ತು 2 ಅಕ್ಕಪಕ್ಕದಲ್ಲಿಯೇ ಕಾಣುತ್ತವೆ. ಆದರೆ ನಂಜಮ್ಮನ ಪಂಕ್ತಿ ಬರುವುದಿಲ್ಲ! ಒಂದು ಪಟ್ಟಿಯಲ್ಲಿ ಬ್ಯಾಂಕಿನ ಋಣವಿದೆ, ಇನ್ನೊಂದರಲ್ಲಿ ಇಲ್ಲ. ವ್ಯತ್ಯಾಸವು ಕಣ್ಣಿಗೆ ಹೊಡೆಯುವಂತಿದ್ದರೂ ಯಂತ್ರವು ಸುಮ್ಮನಿದೆ. ಚಿಕ್ಕಣ್ಣ, ಸಿದ್ದಮ್ಮರ ಪಂಕ್ತಿಗಳೂ ಬರಲಿಲ್ಲ.

ತಿಳಿಯದು ಎಂಬ ಮೂರನೆಯ ಉತ್ತರ

ಇದರ ಕಾರಣ ನಾವು ಆಗಲೇ ಕಂಡ ಆ ಅಡ್ಡಗೆರೆ. ಸಾಮಾನ್ಯ ತರ್ಕದಲ್ಲಿ ಒಂದು ಮಾತು ನಿಜ, ಇಲ್ಲವೇ ಸುಳ್ಳು. ಎಸ್‌ಕ್ಯೂಎಲ್‌ನಲ್ಲಿ ಮೂರನೆಯದೊಂದಿದೆ: 'ತಿಳಿಯದು'. ನಲ್ ಎಂದರೆ ಬೆಲೆ ಗೊತ್ತಿಲ್ಲವೆಂದು ಅರ್ಥ. ಗೊತ್ತಿಲ್ಲದ ಬೆಲೆಯು 'ಬ್ಯಾಂಕ್' ಎಂಬುದಕ್ಕೆ ಸಮವೇ? ತಿಳಿಯದು. ಸಮವಲ್ಲವೇ? ಅದೂ ತಿಳಿಯದು. ಒಂದು ನಲ್ ಇನ್ನೊಂದು ನಲ್‌ಗೆ ಸಮವೇ ಎಂದರೂ ತಿಳಿಯದೆಂದೇ ಉತ್ತರ. ವೇರ್ ನಿಯಮವು ನಿಶ್ಚಯವಾಗಿ ನಿಜವಾದ ಪಂಕ್ತಿಗಳನ್ನು ಮಾತ್ರ ಆರಿಸುವುದರಿಂದ, ತಿಳಿಯದವುಗಳೆಲ್ಲ ಸದ್ದಿಲ್ಲದೆ ಜಾರಿಹೋಗುತ್ತವೆ. ಜೋಡಿಯಿಲ್ಲದ ಪಂಕ್ತಿಯ ಎದುರಿನ ಕಲಂಗಳೂ ನಲ್‌ಗಳಿಂದಲೇ ತುಂಬಿರುತ್ತವೆಯಾದ್ದರಿಂದ, ಚಿಕ್ಕಣ್ಣ, ಸಿದ್ದಮ್ಮರಿಗೂ ಅದೇ ಗತಿಯಾಯಿತು.

ಇದಕ್ಕೆ ಪರಿಹಾರವಾಗಿ 'ಈಸ್ ಡಿಸ್ಟಿಂಕ್ಟ್ ಫ್ರಮ್' ಎಂಬ ಹೋಲಿಕೆಯನ್ನು ಭಾಷೆಯಲ್ಲಿ ಸೇರಿಸಿದ್ದಾರೆ. ಇದು ಖಾಲಿಯನ್ನು ಖಾಲಿಗೆ ಸಮವೆಂದೂ, ಖಾಲಿಯನ್ನು ಬರಹಕ್ಕೆ ಬೇರೆಯೆಂದೂ ಖಂಡಿತವಾಗಿ ಹೇಳುತ್ತದೆ. ಮೇಲಿನ ಪ್ರಶ್ನೆಯಲ್ಲಿ <> ಇರುವಲ್ಲೆಲ್ಲ ಇದನ್ನು ಬರೆದರೆ ನಾಲ್ಕು ಪಂಕ್ತಿಗಳೂ ತಪ್ಪದೆ ಬರುತ್ತವೆ. ಎಕ್ಸೆಪ್ಟ್ ಮಾತ್ರ ಮೊದಲಿನಿಂದಲೂ ಖಾಲಿಯನ್ನು ಖಾಲಿಗೆ ಸಮವೆಂದೇ ಎಣಿಸುತ್ತದೆ. ನಂಜಮ್ಮನ ಪಂಕ್ತಿಯನ್ನು ಅದು ಹಿಡಿದದ್ದು ಇದರಿಂದಲೇ.

ಈ ಸೂಕ್ಷ್ಮವನ್ನು ಕೇವಲ ಪಂಡಿತರ ವಿನೋದವೆಂದು ಎಣಿಸಬಾರದು. ಋಣದ ಕಲಂ ಖಾಲಿಯಾಗಿ ಕಂಡ ಪಹಣಿಯನ್ನು ನಂಬಿ ಒಬ್ಬನು ಆ ಜಮೀನನ್ನು ಕೊಂಡನೆನ್ನಿ. ಬ್ಯಾಂಕಿನ ಸಾಲ ಅವನ ಬೆನ್ನುಹತ್ತುತ್ತದೆ. ಸಾಲ ತೀರಿಸಿದ ಮೇಲೂ ಆ ನಮೂದು ಅಳಿಯದೆ ಉಳಿದರೆ, ನಂಜಮ್ಮನಿಗೆ ಹೊಸ ಸಾಲ ಹುಟ್ಟುವುದು ಕಷ್ಟ.

ಇಮ್ಮಡಿ ಪಂಕ್ತಿ ಮತ್ತು ಅಕ್ಷರಗಳ ವೇಷ

ಹನುಮಕ್ಕನ 14/1 ಪಂಕ್ತಿಯನ್ನು ಎರಡನೆಯ ಬೆರಳಚ್ಚುಗಾರನು ಮರೆತು ಎರಡು ಸಲ ಬರೆದನೆಂದು ಊಹಿಸೋಣ. ಎಕ್ಸೆಪ್ಟ್ ಅದನ್ನು ಕಾಣುವುದಿಲ್ಲ. ಏಕೆಂದರೆ ಗಣದಲ್ಲಿ ಒಂದು ಅಂಶ ಇದೆ ಅಥವಾ ಇಲ್ಲ. ಎಷ್ಟು ಸಲ ಇದೆಯೆಂಬ ಪ್ರಶ್ನೆಯೇ ಹುಟ್ಟದು. ಕಾಡ್ ಅವರ ತತ್ತ್ವದಲ್ಲಿ ಇಮ್ಮಡಿ ಪಂಕ್ತಿಗಳಿಗೆ ಎಡೆಯಿಲ್ಲ. ಎಸ್‌ಕ್ಯೂಎಲ್ ಕೋಷ್ಟಕಗಳಲ್ಲಿ, ಕೀಲಿಯ ಕಾವಲಿಲ್ಲದಿದ್ದರೆ, ಅವು ಬರಬಹುದು. ಆಗ 'ಎಕ್ಸೆಪ್ಟ್ ಆಲ್' ಎಂದು ಕೇಳಿದರೆ ಯಂತ್ರವು ಸಂಖ್ಯೆಯನ್ನೂ ಲೆಕ್ಕಕ್ಕೆ ತೆಗೆದುಕೊಂಡು, ಹೆಚ್ಚಾದ ಪ್ರತಿಯನ್ನು ತೋರಿಸುತ್ತದೆ. ಈ ಸೌಕರ್ಯವಿಲ್ಲದ ವ್ಯವಸ್ಥೆಗಳಲ್ಲಿ 'ಗ್ರೂಪ್ ಬೈ' ಎಂಬ ಪದದಿಂದ ಪಂಕ್ತಿಗಳನ್ನು ಗುಂಪುಗೂಡಿಸಿ, ಪ್ರತಿ ಗುಂಪಿನಲ್ಲಿ ಎಷ್ಟಿವೆಯೆಂದು ಎಣಿಸಿ ಹೋಲಿಸಬೇಕು.

ಕನ್ನಡದಲ್ಲಿ ದಾಖಲೆಯಿಡುವಾಗ ಇನ್ನೊಂದು ವಿಚಿತ್ರ ಸಂಗತಿ ಎದುರಾಗುತ್ತದೆ. ಗೋವಿಂದಪ್ಪನ ಹೆಸರು ಎರಡು ಪಟ್ಟಿಗಳಲ್ಲೂ ಅಚ್ಚುಕಟ್ಟಾಗಿ ಒಂದೇ ತೆರನಾಗಿ ಕಾಣುತ್ತದೆ. ಆದರೂ ಯಂತ್ರವು ಅವನ್ನು ಬೇರೆಯೆನ್ನಬಹುದು! ಗಣಕವು ಅಕ್ಷರಗಳ ಆಕಾರವನ್ನು ನೋಡುವುದಿಲ್ಲ. ಪ್ರತಿ ಅಕ್ಷರಕ್ಕೂ ಗೊತ್ತುಮಾಡಿದ ಸಂಕೇತಸಂಖ್ಯೆಯನ್ನು ನೋಡುತ್ತದೆ. ಯೂನಿಕೋಡ್ ಪದ್ಧತಿಯಲ್ಲಿ 'ಗೋ' ಎಂಬಲ್ಲಿನ ಓಕಾರದ ಚಿಹ್ನೆಯನ್ನು ಒಂದೇ ಸಂಕೇತವಾಗಿ ಇಡಬಹುದು. ಅಥವಾ ಎತ್ವ, ಕೊಂಬು, ದೀರ್ಘ ಎಂದು ಬಿಡಿಸಿ ಮೂರು ಸಂಕೇತಗಳಾಗಿಯೂ ಇಡಬಹುದು. ಓದುವವರಿಗೆ ಎರಡೂ ಒಂದೇ. ಸಂಕೇತಗಳನ್ನು ಮಾತ್ರ ಹೋಲಿಸುವ ಯಂತ್ರಕ್ಕೆ ಅವು ಬೇರೆ. ಹೆಸರಿನ ಕೊನೆಯಲ್ಲಿ ಉಳಿದ ಕಾಣದ ತೆರಪೂ, ಅಕ್ಷರರೂಪದಲ್ಲಿ ಬರೆದ ೨೦ ಮತ್ತು 20 ಎಂಬ ಅಂಕಿಗಳೂ ಹೀಗೆಯೇ ತೊಡಕಾಗುತ್ತವೆ. ಆದುದರಿಂದ ಹೋಲಿಸುವ ಮೊದಲು ಎರಡೂ ಪಟ್ಟಿಗಳ ಬರಹವನ್ನು ಏಕರೂಪಕ್ಕೆ ತಂದು, ತೆರಪುಗಳನ್ನು ತೆಗೆದು, ವಿಸ್ತೀರ್ಣವನ್ನು ಸಂಖ್ಯೆಯಾಗಿಯೇ ಇಡತಕ್ಕದ್ದು.

ಕೋಟಿ ಪಂಕ್ತಿಗಳಾದರೆ?

ಐದು ಪಂಕ್ತಿಗಳನ್ನು ಕಣ್ಣಿನಿಂದಲೇ ನೋಡಬಹುದು. ಎರಡು ಕೋಟಿಯನ್ನು ಯಂತ್ರವಾದರೂ ಹೇಗೆ ನೋಡೀತು? ಒಂದು ಪಟ್ಟಿಯ ಪ್ರತಿಯೊಂದು ಪಂಕ್ತಿಯನ್ನೂ ಇನ್ನೊಂದರ ಪ್ರತಿಯೊಂದರೊಡನೆ ಹೋಲಿಸಿದರೆ ಎರಡು ಕೋಟಿ ಗುಣಿಸು ಎರಡು ಕೋಟಿ, ಎಂದರೆ ನಾಲ್ಕರ ಮುಂದೆ ಹದಿನಾಲ್ಕು ಸೊನ್ನೆಗಳಷ್ಟು ಹೋಲಿಕೆಗಳಾಗುತ್ತವೆ. ಸೆಕೆಂಡಿಗೆ ಹತ್ತು ಲಕ್ಷ ಹೋಲಿಕೆ ಮಾಡಿದರೂ ಹನ್ನೆರಡು ವರ್ಷಗಳಿಗೆ ಮೀರಿದ ಕೆಲಸವಿದು. ಆದರೆ ಎರಡೂ ಪಟ್ಟಿಗಳನ್ನು ಮೊದಲು ಸರ್ವೆ ನಂಬರಿನ ಅನುಕ್ರಮಕ್ಕೆ ಜೋಡಿಸಿಕೊಂಡರೆ, ಅನಂತರ ಚಾವಡಿಯ ಆ ಇಬ್ಬರಂತೆ ಎರಡರ ಮೇಲೂ ಒಂದೇ ಸಲ ಬೆರಳಾಡಿಸಿಕೊಂಡು ಹೋದರಾಯಿತು. ಎರಡು ಕೋಟಿ ಪಂಕ್ತಿಗಳ ಒಂದು ಪಟ್ಟಿಯನ್ನು ಅನುಕ್ರಮಕ್ಕೆ ತರಲು ಸುಮಾರು ಐವತ್ತು ಕೋಟಿ ಹೋಲಿಕೆಗಳು ಸಾಕು. ಅದೇ ವೇಗದಲ್ಲಿ ಎರಡು ಪಟ್ಟಿಗಳಿಗೂ ಸೇರಿ ಹದಿನೇಳು ನಿಮಿಷ. ಬೆರಳಾಡಿಸುವುದಕ್ಕೆ ಒಂದು ನಿಮಿಷಕ್ಕೂ ಕಡಿಮೆ. ವರ್ಷಗಳು ನಿಮಿಷಗಳಾದದ್ದು ಯಂತ್ರದ ವೇಗದಿಂದಲ್ಲ, ಕ್ರಮದಿಂದ ಎಂಬುದು ಇಲ್ಲಿ ಮನನೀಯ.

ಇನ್ನೊಂದು ಜಾಣತನವೂ ಉಂಟು. ಮೊದಲು ತೂಬಗೆರೆ, ಸಾಸಲು, ಮಧುರೆ ಹೀಗೆ ಹೋಬಳಿವಾರು ಎಣಿಕೆ ಮತ್ತು ಮೊತ್ತಗಳನ್ನು ಹೋಲಿಸಿ, ಬೇರೆ ಬಂದ ಹೋಬಳಿಯೊಳಗೆ ಗ್ರಾಮವಾರು ಇಳಿಯಬಹುದು. ಇದರಿಂದ ತಪ್ಪುಗಳು ಬೇಗ ಸಿಕ್ಕುತ್ತವೆ; ಆದರೆ ಮೊತ್ತ ಸರಿಬಂದ ಗ್ರಾಮವನ್ನು ನಿರ್ದೋಷಿಯೆಂದು ಬಿಟ್ಟುಬಿಡಲಾಗದೆಂಬುದನ್ನು ಆಗಲೇ ಕಂಡಿದ್ದೇವೆ.

ಸ್ವತಃ ಮಾಡಿ ನೋಡಿ

ವಿದ್ಯಾರ್ಥಿಗಳು ಪೋಸ್ಟ್‌ಗ್ರೆಎಸ್‌ಕ್ಯೂಎಲ್ ಎಂಬ ಉಚಿತ ವ್ಯವಸ್ಥೆಯಲ್ಲಿ ಈ ಎರಡು ಪಟ್ಟಿಗಳನ್ನು ರಚಿಸಿ ಕೆಳಗಿನವುಗಳನ್ನು ಪರೀಕ್ಷಿಸಬಹುದು.

1. ಎರಡು ದಿಕ್ಕಿನ ಎಕ್ಸೆಪ್ಟ್‌ಗಳನ್ನು ಆವರಣಗಳಿಲ್ಲದೆ, ಗುರುತಿನ ಚೀಟಿಗಳೂ ಇಲ್ಲದೆ, ನೇರವಾಗಿ ಯೂನಿಯನ್ ಆಲ್‌ನಿಂದ ಕೂಡಿಸಿ. ಆರು ಪಂಕ್ತಿಗಳ ಬದಲು ಮೂರೇ ಬರುತ್ತವೆ. ಯಂತ್ರವು ಎಡದಿಂದ ಬಲಕ್ಕೆ ಒಂದೊಂದೇ ಕ್ರಿಯೆಯನ್ನು ಮಾಡುತ್ತಾ ಹೋಗುವುದೆಂಬ ಸುಳಿವಿನಿಂದ ಕಾರಣವನ್ನು ಊಹಿಸಿ.

2. ಪಂಕ್ತಿಗಳ ಸಂಖ್ಯೆಯೂ ವಿಸ್ತೀರ್ಣದ ಮೊತ್ತವೂ ಒಂದೇ ಇದ್ದು, ಮೂರು ಪಂಕ್ತಿಗಳಲ್ಲಿ ವ್ಯತ್ಯಾಸವಿರುವ ಎರಡು ಪಟ್ಟಿಗಳನ್ನು ರಚಿಸಿ.

3. ಎರಡು ದಿಕ್ಕುಗಳಲ್ಲೂ ಎಕ್ಸೆಪ್ಟ್ ಬರಿದಾಗಿ ಬಂದು, ಎಣಿಕೆ ಮಾತ್ರ ಬೇರೆಯಾಗುವಂತೆ ಮಾಡಿ.

ಯಾವುದು ಸರಿ?

ಕಡೆಗೆ ಒಂದು ಪ್ರಶ್ನೆ ಉಳಿಯುತ್ತದೆ. ಮುನಿಯಪ್ಪನ ಜಮೀನು 1 ಎಕರೆ 20 ಗುಂಟೆಯೋ, 1 ಎಕರೆ 2 ಗುಂಟೆಯೋ? ನಡುವಣ ಅಂತರ 18 ಗುಂಟೆ, ಎಂದರೆ 19,602 ಚದರಡಿ ನೆಲ. ಎರಡು ಪಟ್ಟಿಗಳು ಬೇರೆಯಾದರೆ ಒಂದಾದರೂ ತಪ್ಪೆಂಬುದು ಖಚಿತ. ಯಾವುದು ತಪ್ಪೆಂದು ಹೇಳುವ ಶಕ್ತಿ ಎಸ್‌ಕ್ಯೂಎಲ್‌ಗೆ ಇಲ್ಲ. ಎರಡು ಪಟ್ಟಿಗಳು ಒಂದೇ ಆದರೂ ಅವು ಸತ್ಯವೆಂದು ಸಿದ್ಧವಾಗುವುದಿಲ್ಲ. ಮೂಲ ಪುಸ್ತಕದಲ್ಲಿಯೇ ತಪ್ಪಿದ್ದರೆ ಇಬ್ಬರು ಬೆರಳಚ್ಚುಗಾರರೂ ಆ ತಪ್ಪನ್ನೇ ನಿಷ್ಠೆಯಿಂದ ನಕಲು ಮಾಡಿರುತ್ತಾರೆ. ಆಗ ಭೂಮಾಪನ ಇಲಾಖೆಯ ಆಕಾರ್‌ಬಂದ್ ಎಂಬ ಮತ್ತೊಂದು ದಾಖಲೆಯೊಡನೆ ಪಹಣಿಯನ್ನು ತಾಳೆ ನೋಡಬೇಕು. ಅಲ್ಲಿಯೂ ಹೊಂದದಿದ್ದರೆ ಸರಪಳಿ ಹಿಡಿದು ಹೊಲಕ್ಕೇ ಇಳಿಯಬೇಕು.

ಹಾಗಾದರೆ ಯಂತ್ರದಿಂದ ನಮಗಾದ ಉಪಕಾರವೇನು? ಎರಡು ಕೋಟಿ ಪಂಕ್ತಿಗಳಲ್ಲಿ ಯಾವ ಕೆಲವನ್ನು ಮನುಷ್ಯನು ಕಣ್ಣಿಟ್ಟು ನೋಡಬೇಕೆಂಬುದನ್ನು ಅದು ಬೆರಳಿಟ್ಟು ತೋರಿಸಿತು. ಅದೂ ನಾವು ಎರಡು ದಿಕ್ಕಿನಿಂದಲೂ ಕೇಳಿದರೆ, ಕೀಲಿಯನ್ನು ಸರಿಯಾಗಿ ಆರಿಸಿದರೆ, ಖಾಲಿ ಜಾಗವನ್ನು ಮರೆಯದಿದ್ದರೆ ಮಾತ್ರ. ಮಿಕ್ಕದ್ದು ಹಳೆಯ ಪುಸ್ತಕವನ್ನು ತೆರೆದು, ರೈತನನ್ನು ಎದುರಿಗೆ ಕೂರಿಸಿಕೊಂಡು, ಆ ಒಂದು ಪಂಕ್ತಿಯನ್ನು ನಿಧಾನವಾಗಿ ಓದುವವನ ಕೆಲಸ. ಮುನಿಯಪ್ಪನ ಹದಿನೆಂಟು ಗುಂಟೆ ಉಳಿಯುವುದು ಆ ಓದಿನಿಂದ.